ಕಾರು ರ‍್ಯಾಲಿ: ಹುಚ್ಚಾಟವಲ್ಲ, ಹಾಗೆಂದು ಹುಡುಗಾಟವೂ ಅಲ್ಲ

ಕಾಸರಗೋಡು: ತಲಪಾಡಿಯಿಂದ ಚೆಂಗಳದ ತನಕ ಆರು ಪಥದ ರಾಷ್ಟ್ರೀಯ ಹೆದ್ದಾರಿ ಬಂದ ಮೇಲೆ ನಮ್ಮ ಜಿಲ್ಲೆಯ ರಸ್ತೆಗಳ ವೇಗವೇ ಬದಲಾಗಿದೆ. ವೇಗ ಹೆಚ್ಚಿದಂತೆ ವೇಗದ ಮೋಹವೂ ಹೆಚ್ಚಿದೆ. ಸೈಲೆನ್ಸರ್ ಬದಲಿಸಿದ ಕಾರು, ಅಗಲ ಟಯರು, ಗಾಜಿನ ಮೇಲೆ ದೊಡ್ಡ ಸ್ಟಿಕ್ಕರು, ಓಡಿಸಿದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಹಂಚುವ ಗೆಳೆಯರು. ಇವನ್ನು ಕಂಡ ಹಿರಿಯರು ಇದಕ್ಕೆಲ್ಲ ಇಟ್ಟಿರುವ ಹೆಸರು ಒಂದೇ: "ರೇಸಿನ ಹುಚ್ಚು".

ಆದರೆ ಇದೇ ಗಡಿನಾಡಿನಿಂದ ಕೆಲವೇ ಗಂಟೆ ದೂರದ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ನಡೆದಿವೆ. ಅಲ್ಲಿ ಓಡುವ ಕಾರುಗಳ ಹಿಂದೆ ತಿಂಗಳುಗಟ್ಟಲೆಯ ತಯಾರಿ, ದಪ್ಪ ನಿಯಮ ಪುಸ್ತಕ, ವೈದ್ಯರ ಸರ್ಟಿಫಿಕೇಟು, ಸೆಕೆಂಡು ಸೆಕೆಂಡಿನ ಲೆಕ್ಕ ಇರುತ್ತದೆ. ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಹುಡುಗರು ಮಾಡುವುದಕ್ಕೂ ಅಲ್ಲಿ ನಡೆಯುವುದಕ್ಕೂ ಹೆಸರಿನ ಹೊರತು ಹೆಚ್ಚಿನ ಸಂಬಂಧವಿಲ್ಲ. ಈ ವ್ಯತ್ಯಾಸ ನಮ್ಮ ಹುಡುಗರಿಗೂ ತಿಳಿದಿಲ್ಲ, ಅವರ ಹೆತ್ತವರಿಗೂ ತಿಳಿದಿಲ್ಲ. ರ‍್ಯಾಲಿ ನಡೆಯುವ ಊರಿನವರಿಗಂತೂ ಎಷ್ಟೋ ಸಲ ಅದು ತಿಳಿಯುವುದು ಕಾರು ಮನೆ ಮುಂದೆ ಬಂದ ಮೇಲೆ. ಹಾಗಾಗಿ ಈ ಕ್ರೀಡೆಯನ್ನು ಒಮ್ಮೆ ಸರಿಯಾಗಿ ನೋಡಬೇಕಾದ ಅಗತ್ಯವಿದೆ.

ರೇಸ್ ಬೇರೆ, ರ‍್ಯಾಲಿ ಬೇರೆ

ಚೆನ್ನೈ ಸಮೀಪದ ಇರುಂಗಾಟ್ಟುಕೋಟೆಯಲ್ಲೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ನಡೆಯುವುದು ರೇಸ್. ಅಲ್ಲಿ ಎಲ್ಲ ಕಾರುಗಳೂ ಒಟ್ಟಿಗೆ ಹೊರಟು ಸುತ್ತು ಹಾಕುತ್ತವೆ, ಮುಂದೆ ಇದ್ದವನು ಗೆದ್ದ. ರ‍್ಯಾಲಿಯಲ್ಲಿ ಹಾಗಲ್ಲ. ಕಾರುಗಳು ಒಂದೊಂದಾಗಿ, ಒಂದೆರಡು ನಿಮಿಷ ಅಂತರದಲ್ಲಿ ಹೊರಡುತ್ತವೆ. ಪಂದ್ಯ ಗಡಿಯಾರದೊಂದಿಗೆ. ವೇಗವಾಗಿ ಓಡಬೇಕಾದ ಭಾಗಕ್ಕೆ 'ಸ್ಪೆಷಲ್ ಸ್ಟೇಜ್' ಎನ್ನುತ್ತಾರೆ. ಅಲ್ಲಿ ರಸ್ತೆಯನ್ನು ಸಾರ್ವಜನಿಕರಿಗೆ ಪೂರ್ತಿ ಮುಚ್ಚಿರುತ್ತಾರೆ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಮಾತ್ರ ಎಲ್ಲರಂತೆ ಟ್ರಾಫಿಕ್ ನಿಯಮ ಪಾಲಿಸಿಯೇ ಹೋಗಬೇಕು.

ಹಾಗೆಂದು ಆ ದಾರಿಯಲ್ಲಿ ಬೇಗ ಹೋಗಿ ಸೇರಿದರೆ ಲಾಭವಿದೆಯೇ? ಇಲ್ಲ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಸಮಯ ತಪಾಸಣೆಯ ಠಾಣೆಗೆ ಒಂದು ನಿಮಿಷ ತಡವಾದರೆ 10 ಸೆಕೆಂಡು ದಂಡ. ಒಂದು ನಿಮಿಷ ಮೊದಲೇ ಬಂದರೆ ಇಡೀ ಒಂದು ನಿಮಿಷ ದಂಡ. ಅಂದರೆ ಸಾರ್ವಜನಿಕ ರಸ್ತೆಯಲ್ಲಿ ಅವಸರ ಮಾಡಿದವನಿಗೆ ತಡ ಮಾಡಿದವನಿಗಿಂತ 6 ಪಟ್ಟು ಶಿಕ್ಷೆ. ಹೆದ್ದಾರಿಯಲ್ಲಿ 'ರ‍್ಯಾಲಿ ಡ್ರೈವಿಂಗ್' ಅಭ್ಯಾಸ ಮಾಡುತ್ತೇನೆ ಎನ್ನುವವರು ಮೊದಲು ಓದಬೇಕಾದ ನಿಯಮ ಇದು.

ಎಡಗಡೆ ಸೀಟಿನ ಮನುಷ್ಯ

ರ‍್ಯಾಲಿ ಕಾರಿನಲ್ಲಿ ಇಬ್ಬರಿರುತ್ತಾರೆ. ಸ್ಟೇರಿಂಗ್ ಹಿಡಿದವನಷ್ಟೇ ಮುಖ್ಯ ಪಕ್ಕದಲ್ಲಿ ಕುಳಿತ ಸಹಚಾಲಕ. ಸ್ಪರ್ಧೆಗೆ ಮೊದಲು ಸಾಮಾನ್ಯವಾಗಿ ಎರಡು ಸಲ ಆ ರಸ್ತೆಯಲ್ಲಿ ನಿಧಾನವಾಗಿ ಹೋಗಿ ನೋಡಲು ಅವಕಾಶ ಕೊಡುತ್ತಾರೆ. ಆಗ ಚಾಲಕ ಹೇಳುತ್ತಾ ಹೋಗುತ್ತಾನೆ, ಸಹಚಾಲಕ ಬರೆದುಕೊಳ್ಳುತ್ತಾನೆ. ಎಷ್ಟು ಮೀಟರಿಗೆ ತಿರುವು, ಎಡಕ್ಕೋ ಬಲಕ್ಕೋ, ಎಷ್ಟು ಬಿಗಿ, ಅದಾದ ಮೇಲೆ ದಿಣ್ಣೆ ಇದೆಯೇ, ತಿರುವಿನ ಒಳಬದಿಯಲ್ಲಿ ಕಲ್ಲಿದೆಯೇ, ಚರಂಡಿಯಿದೆಯೇ. ಇದಕ್ಕೆ 'ಪೇಸ್ ನೋಟ್ಸ್' ಎಂದು ಹೆಸರು. ಸ್ಪರ್ಧೆಯ ದಿನ ಅದನ್ನು ಸರಿಯಾದ ಹೊತ್ತಿಗೆ, ಒಂದು ಕ್ಷಣ ಹಿಂದಿಲ್ಲ ಮುಂದಿಲ್ಲ ಎಂಬಂತೆ ಓದಿ ಹೇಳಬೇಕು. ಚಾಲಕ ಕಣ್ಣಿಗೆ ಕಾಣದ ತಿರುವಿಗೂ ಅದನ್ನು ನಂಬಿ ಕಾರು ನುಗ್ಗಿಸುತ್ತಾನೆ. ಸಮಯದ ಕಾರ್ಡು, ದಾರಿಯ ಪುಸ್ತಕ, ದಂಡದ ಲೆಕ್ಕ, ಸರ್ವಿಸಿಗೆ ಎಷ್ಟು ನಿಮಿಷ ಉಳಿದಿದೆ ಎಂಬುದೆಲ್ಲ ಅವನದೇ ಜವಾಬ್ದಾರಿ.

ಈ ವಿದ್ಯೆಯಲ್ಲಿ ದೇಶದ ದೊಡ್ಡ ಹೆಸರುಗಳಲ್ಲೊಂದು ನಮ್ಮ ಕಾಸರಗೋಡು ಜಿಲ್ಲೆಯದೇ. ಮೊಗ್ರಾಲಿನ ಮೂಸಾ ಶರೀಫ್ ಹಲವು ಬಾರಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್ ಆದ ಸಹಚಾಲಕರು. 2018ರಲ್ಲಿ ಗೌರವ್ ಗಿಲ್ ಅವರ ಜತೆ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೋಟಾರು ಕ್ರೀಡೆಗೆ ಸಿಕ್ಕ ಮೊದಲ ಅರ್ಜುನ ಅದು. ಕ್ರಿಕೆಟ್, ಕಬಡ್ಡಿ, ಫುಟ್ಬಾಲ್ ಆಟಗಾರರ ಫ್ಲೆಕ್ಸ್ ಹಾಕುವ ನಮ್ಮ ಊರಿನ ಕ್ಲಬ್ಬುಗಳಲ್ಲಿ ಎಷ್ಟು ಮಂದಿಗೆ ಮೊಗ್ರಾಲಿನ ಈ ಸಾಧಕರ ಪರಿಚಯವಿದೆ?

ಇಲ್ಲಿ ಗಮನಿಸಬೇಕಾದ ವಿಚಾರವೊಂದಿದೆ. ಚಾಲಕನಾಗಲು ಕಾರು ಬೇಕು, ಹಣ ಬೇಕು. ಸಹಚಾಲಕನಾಗಲು ಬೇಕಾದದ್ದು ತಾಳ್ಮೆ, ಲೆಕ್ಕ, ನಡುಗದ ದನಿ ಮತ್ತು ಓಡುವ ಕಾರಿನಲ್ಲಿ ತಲೆ ಬಗ್ಗಿಸಿ ಓದಿದರೂ ವಾಂತಿ ಬಾರದ ಹೊಟ್ಟೆ. ಲೈಸನ್ಸು, ಹೆಲ್ಮೆಟ್ಟು, ಬೆಂಕಿ ತಡೆಯುವ ಉಡುಪಿನ ಖರ್ಚು ಅವನಿಗೂ ಇದೆ, ಆದರೆ ಕಾರಿನ ಭಾರವಿಲ್ಲ. ಸಾಮಾನ್ಯ ಮನೆಯ ಹುಡುಗನಿಗೆ, ಹುಡುಗಿಗೂ ಸಹ, ಈ ಕ್ರೀಡೆಯೊಳಗೆ ಹೋಗಲು ತೆರೆದಿರುವ ಬಾಗಿಲು ಎಡಗಡೆಯದ್ದು. ಆದರೆ ವಿಡಿಯೋಗಳಲ್ಲಿ ಮಿಂಚುವುದು ಬಲಗಡೆಯ ಸೀಟು.

ಕಾರು ಸಿದ್ಧಪಡಿಸುವುದೆಂದರೆ

ಎಕ್ಸಾಸ್ಟ್ ಬದಲಿಸಿ ಸದ್ದು ಜೋರು ಮಾಡುವುದು ರ‍್ಯಾಲಿಯ ತಯಾರಿಯಲ್ಲ. ಅನುಭವಿ ತಂಡಗಳು ಮೊದಲು ಖರ್ಚು ಮಾಡುವುದು ಎಂಜಿನ್ನಿಗಲ್ಲ, ಜೀವ ಉಳಿಸುವ ಸಾಮಾನಿಗೆ. ಕಾರಿನೊಳಗಿನ ಸೀಟು, ಕಾರ್ಪೆಟ್ಟು ಎಲ್ಲ ಕಿತ್ತು ಉಕ್ಕಿನ ಕೊಳವೆಗಳ ಪಂಜರ ಬೆಸುಗೆ ಹಾಕುತ್ತಾರೆ. ಇದೇ 'ರೋಲ್ ಕೇಜ್'. ಕಾರು ಮಗುಚಿ ನಾಲ್ಕು ಸುತ್ತು ಉರುಳಿದರೂ ಒಳಗಿನವರ ಮೇಲೆ ಛಾವಣಿ ಕುಸಿಯದಂತೆ ತಡೆಯುವುದು ಅದು. ಬೆಸುಗೆ ಸರಿಯಿಲ್ಲದ ಕೇಜು ಇಲ್ಲದ್ದಕ್ಕಿಂತ ಅಪಾಯ. ಆಮೇಲೆ ಬಕೆಟ್ ಸೀಟು, ಹಲವು ಕಡೆಯಿಂದ ಬಿಗಿಯುವ ಬೆಲ್ಟು, ಬೆಂಕಿ ಆರಿಸುವ ಸಾಧನ, ಹೊರಗಿನಿಂದಲೂ ವಿದ್ಯುತ್ ಕಡಿತ ಮಾಡಬಹುದಾದ ಸ್ವಿಚ್ಚು, ಹೆಲ್ಮೆಟ್ಟು, ಕುತ್ತಿಗೆ ಮುರಿಯದಂತೆ ಹಿಡಿಯುವ ಪಟ್ಟಿ.

ಇವಕ್ಕೆಲ್ಲ ಅವಧಿಯಿದೆ. ಅಂತಾರಾಷ್ಟ್ರೀಯ ಒಕ್ಕೂಟದ ಮುದ್ರೆಯಿರುವ ಬೆಲ್ಟಿಗೆ 5 ವರ್ಷ ಮಾತ್ರ ಆಯುಸ್ಸು. ನೋಡಲು ಹೊಸದರಂತಿದ್ದರೂ ಅವಧಿ ಮುಗಿದದ್ದನ್ನು ಸ್ಪರ್ಧೆಯ ತಪಾಸಣೆಯಲ್ಲಿ ಒಪ್ಪುವುದಿಲ್ಲ. ಹಳೆ ರ‍್ಯಾಲಿ ಕಾರನ್ನು ಕಡಿಮೆ ಬೆಲೆಗೆ ಕೊಳ್ಳುವವರು ಏಮಾರುವುದು ಇಲ್ಲಿಯೇ. ಕಾರು ಅಗ್ಗಕ್ಕೆ ಸಿಗುತ್ತದೆ, ಆದರೆ ಸೀಟು, ಬೆಲ್ಟು, ಹೆಲ್ಮೆಟ್ಟು ಮತ್ತೆ ಹೊಸದಾಗಿ ಕೊಳ್ಳಬೇಕಾಗುತ್ತದೆ.

ಎರಡನೆಯದು ಕಾರಿನ ಹೊಟ್ಟೆ. ನಮ್ಮ ಕಡೆಯ ರ‍್ಯಾಲಿಗಳು ಹೆಚ್ಚಾಗಿ ಮಣ್ಣು, ಜಲ್ಲಿ ರಸ್ತೆಯಲ್ಲಿ. ಎಂಜಿನ್ ಅಡಿಗೆ ದಪ್ಪ ತಗಡಿನ ರಕ್ಷೆ, ಗಟ್ಟಿ ಶಾಕ್ ಅಬ್ಸಾರ್ಬರು, ಜಲ್ಲಿಗೆ ತಕ್ಕ ಟಯರು ಇಲ್ಲದಿದ್ದರೆ ಮೊದಲ ಸ್ಟೇಜಿನಲ್ಲೇ ಆಟ ಮುಗಿದಂತೆ. ಟಯರಿನ ವಿಚಾರದಲ್ಲಿ ನಾವು ಹೆಮ್ಮೆಪಡಬಹುದು. ಚೆನ್ನೈ ಮೂಲದ ಎಂಆರ್‌ಎಫ್ ಕಂಪನಿಯ ಟಯರು ಹಾಕಿದ ತಂಡ 2022ರಲ್ಲಿ ಯುರೋಪಿಯನ್ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದಿದೆ. ಎಂಜಿನ್ ಶಕ್ತಿ ಏರಿಸುವುದು ಇದೆಲ್ಲದರ ನಂತರದ ಮಾತು. ವಿಭಾಗವಾರು ನಿಯಮಗಳು ಅದಕ್ಕೂ ಮಿತಿ ಹಾಕುತ್ತವೆ.

ಮೂರನೆಯದು ಜನ. ಸ್ಟೇಜುಗಳ ನಡುವೆ ಸರ್ವಿಸಿಗೆ ಸಿಗುವುದು ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸು. ಅಷ್ಟರಲ್ಲಿ ಮುರಿದ ಡ್ರೈವ್ ಶಾಫ್ಟು, ಬಾಗಿದ ಕೈ, ಸೋರುವ ರೇಡಿಯೇಟರು ಸರಿಯಾಗಬೇಕು. ಹಳೆಯ ಎಸ್ಟೀಮ್, ಜಿಪ್ಸಿಗಳನ್ನು ದಶಕಗಳ ಕಾಲ ರ‍್ಯಾಲಿಯಲ್ಲಿ ಓಡುವಂತೆ ಇಟ್ಟವರು ದಕ್ಷಿಣದ ಊರುಗಳ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್ಕುಗಳು. ಗೆದ್ದವನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಇವರದು ಬರುವುದಿಲ್ಲ.

ಇಷ್ಟೆಲ್ಲದಕ್ಕೆ ಬಹುಮಾನದ ಹಣದಲ್ಲಿ ಖರ್ಚು ಹುಟ್ಟುತ್ತದೆಯೇ? ಹವ್ಯಾಸಿಗಳಿಗೆ ಹುಟ್ಟುವುದಿಲ್ಲ. ಕಂಪನಿ ತಂಡದಲ್ಲಿ ಜಾಗ ಸಿಕ್ಕುವುದು ಬೆರಳೆಣಿಕೆಯವರಿಗೆ. ಉಳಿದವರದ್ದೆಲ್ಲ ಸ್ವಂತ ದುಡ್ಡು, ಗೆಳೆಯರ ಸಹಾಯ, ಅಂಗಡಿಯವರ ಸಣ್ಣ ಪ್ರಾಯೋಜಕತ್ವ. ಅಡಿಕೆ ಮಾರಿದ ಹಣವೋ ಅಣ್ಣ ಗಲ್ಫಿನಿಂದ ಕಳಿಸಿದ ಹಣವೋ ಹಾಕುವ ಮೊದಲು ಒಂದನ್ನು ಮನಗಾಣಬೇಕು: ಒಂದೇ ಒಂದು ಮಗುಚುವಿಕೆಯಲ್ಲಿ ಇಡೀ ಕಾರು ಗುಜರಿಗೆ ಹೋಗಬಹುದು. ಸಾಲ ಮಾಡಿ ಈ ಆಟಕ್ಕೆ ಇಳಿಯುವುದು ಬುದ್ಧಿವಂತಿಕೆಯಲ್ಲ.

ಕಾನೂನು ಏನು ಹೇಳುತ್ತದೆ?

ಗಡಿನಾಡಿನವರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಮೋಟಾರು ವಾಹನ ಕಾಯಿದೆಯ 189ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ನಡೆಸುವಂತಿಲ್ಲ, ಭಾಗವಹಿಸುವಂತೆಯೂ ಇಲ್ಲ. 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೆ 3 ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಶಿಕ್ಷೆ ಇನ್ನೂ ಹೆಚ್ಚು. ಕಾರು ಓಡಿಸಿದವನು 18 ತುಂಬದವನಾದರೆ ಹೆತ್ತವರೋ ವಾಹನ ಮಾಲಕರೋ ಹೊಣೆ: 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು.

ವಾಹನ ಬದಲಾವಣೆಯ ಕತೆ ಬೇರೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪು ನೀಡಿ, ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸ್ಪಷ್ಟಪಡಿಸಿದೆ. ಅನುಮತಿಯಿಲ್ಲದೆ ಬದಲಿಸಿದ ಮಾಲಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿಯಂತೆ ದಂಡ ಹಾಕಲು 2019ರ ತಿದ್ದುಪಡಿಯಲ್ಲಿ ಅವಕಾಶವಿದೆ. ಸ್ಪರ್ಧೆಗೆ ಪೂರ್ತಿ ಸಿದ್ಧಪಡಿಸಿದ ಕಾರನ್ನು ಎಷ್ಟೋ ತಂಡಗಳು ಲಾರಿಯ ಮೇಲೆ ಹೇರಿಕೊಂಡು ಹೋಗುವುದು ಸುಮ್ಮನೆ ಅಲ್ಲ. ಮಂಗಳೂರಿನ ಗ್ಯಾರೇಜಿನಲ್ಲಿ ಬದಲಾವಣೆ ಮಾಡಿಸಿ ತಲಪಾಡಿ ದಾಟಿ ಬಂದರೆ ಕಾನೂನು ಬದಲಾಗುವುದಿಲ್ಲ. ಬೆಂಗಳೂರಿನಿಂದಲೋ ಕೊಯಮತ್ತೂರಿನಿಂದಲೋ ಹಳೆ ಕಾರು ತರುವವರು ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ ಕೇಳಿ ಪಡೆಯಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಲೇಬೇಕು.

ಇನ್ನು ವಿಮೆ. ಮನೆಯ ಕಾರಿನ ವಿಮಾ ಪತ್ರ ತೆಗೆದು ನೋಡಿ. ಸಂಘಟಿತ ರೇಸು, ವೇಗ ಪರೀಕ್ಷೆ, ಸಾಮರ್ಥ್ಯ ಪರೀಕ್ಷೆಗೆ ಬಳಸಿದರೆ ವಿಮೆ ಅನ್ವಯಿಸದು ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಮೊದಲೇ ತಿಳಿಸಿ, ಹೆಚ್ಚುವರಿ ಹಣ ಕಟ್ಟಿ ಬರೆಸಿಕೊಳ್ಳದೆ ಸ್ಪರ್ಧೆಗೆ ಹೋದವನಿಗೆ ಕಾರು ಜಖಂ ಆದರೆ ಒಂದು ಪೈಸೆಯೂ ಸಿಗಲಾರದು.

ಜಾಗದ ವಿಚಾರವೂ ಅಷ್ಟೇ ಮುಖ್ಯ. 2022ರ ಮೇ ತಿಂಗಳಲ್ಲಿ ಇಡುಕ್ಕಿಯ ವಾಗಮಣ್‌ನಲ್ಲಿ ಚಹಾ ತೋಟದೊಳಗೆ ನಡೆದ ಆಫ್‌ರೋಡ್ ಜೀಪು ಓಟ ವಿವಾದವಾಗಿ, ಭಾಗವಹಿಸಿದ್ದ ಸಿನಿಮಾ ನಟರೊಬ್ಬರು ದಂಡ ಕಟ್ಟಬೇಕಾಯಿತು. ತೋಟ ನಮ್ಮದೇ, ಯಾರನ್ನು ಕೇಳಬೇಕು ಎಂಬ ಮಾತು ನಡೆಯುವುದಿಲ್ಲ ಎಂಬುದಕ್ಕೆ ಇದು ಪಾಠ.

ಊರಿನವರ ಪಾಲಿಗೆ ರ‍್ಯಾಲಿ

ಇಲ್ಲಿಯ ತನಕ ಓಡಿಸುವವರ ಮಾತಾಯಿತು. ರಸ್ತೆ ಬದಿಯಲ್ಲಿ ಮನೆ ಇರುವವರ ಮಾತೇನು?

2019ರ ಸೆಪ್ಟೆಂಬರ್ 21ರಂದು ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಯ ಸುತ್ತು ನಡೆಯುತ್ತಿದ್ದಾಗ ಸ್ಟೇಜಿನೊಳಗೆ ಬಂದ ಬೈಕಿಗೆ ಸ್ಪರ್ಧೆಯ ಕಾರು ಬಡಿದು ಒಂದೇ ಕುಟುಂಬದ ಮೂವರು, ತಂದೆ ತಾಯಿ ಮತ್ತು ಮಗ, ಸ್ಥಳದಲ್ಲೇ ಅಸುನೀಗಿದರು. ರ‍್ಯಾಲಿ ಅಲ್ಲಿಗೇ ರದ್ದಾಯಿತು, ಪೊಲೀಸು ಪ್ರಕರಣವಾಯಿತು. ದೇಶದ ಮೋಟಾರು ಕ್ರೀಡೆಯನ್ನೇ ಅಲುಗಾಡಿಸಿದ ದುರಂತ ಅದು. ಮುಚ್ಚಿದ ರಸ್ತೆಯಲ್ಲಿ ಎದುರಿಗೆ ಯಾರೂ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ಚಾಲಕ ಕಾರು ಬಿಡುತ್ತಾನೆ. ತನ್ನ ಊರಿನ ದಾರಿಯಲ್ಲಿ ಎಂದಿನಂತೆ ಹೋಗಬಹುದು ಎಂಬುದು ಹಳ್ಳಿಯವನ ನಂಬಿಕೆ. ಈ ಎರಡು ನಂಬಿಕೆಗಳ ನಡುವೆ ಇರುವುದು ಒಂದು ಹಗ್ಗ, ಒಬ್ಬ ಸ್ವಯಂಸೇವಕ, ಒಂದು ನೋಟೀಸು. ಅದರಲ್ಲಿ ಯಾವುದು ಸಡಿಲವಾದರೂ ಹೋಗುವುದು ಜೀವ.

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. 1986ರಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಕಾರು ಜನರ ಗುಂಪಿಗೆ ನುಗ್ಗಿ ಮೂವರು ಪ್ರೇಕ್ಷಕರು ಸತ್ತು 30ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅದೇ ವರ್ಷ ಕಾರ್ಸಿಕಾದಲ್ಲಿ ಚಾಲಕ, ಸಹಚಾಲಕ ಇಬ್ಬರೂ ಮಡಿದರು. ಅಂದಿನ ಅತಿ ಶಕ್ತಿಯ 'ಗ್ರೂಪ್ ಬಿ' ಕಾರುಗಳನ್ನು ಮರುವರ್ಷದಿಂದಲೇ ನಿಷೇಧಿಸಲಾಯಿತು. ಪಾಠ ಕಲಿಯಲು ಸಾವುಗಳೇ ಆಗಬೇಕಾಯಿತು ಎಂಬುದು ವಿಷಾದದ ಸಂಗತಿ.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅದು ಭಾಷೆ. ರಸ್ತೆ ಮುಚ್ಚುವ ನೋಟೀಸು ಯಾವ ಭಾಷೆಯಲ್ಲಿರುತ್ತದೆ? ಎಣ್ಮಕಜೆಯ, ವರ್ಕಾಡಿಯ ಅಜ್ಜಿಗೆ ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ತಾಳವಾಡಿಯಲ್ಲಿ ತಮಿಳು ನೋಟೀಸಿಗೂ ಜತ್ತಿನಲ್ಲಿ ಮರಾಠಿ ನೋಟೀಸಿಗೂ ಇದೇ ಮಾತು ಅನ್ವಯ. ಕಾರು ರ‍್ಯಾಲಿಯ ಸೂಚನೆಗಳಂತೂ ಇಂಗ್ಲಿಷಿನಲ್ಲೇ ಹೆಚ್ಚು. ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಕನ್ನಡದಲ್ಲಿ ಬೋರ್ಡು ಹಾಕಿ ಎಂದು ನಾವು ಕೇಳಿದಾಗ 'ಇದು ಭಾಷಾಭಿಮಾನದ ಗಲಾಟೆ' ಎಂದು ಮೂಗು ಮುರಿಯುವವರಿದ್ದಾರೆ. ಇಲ್ಲಿ ಅಭಿಮಾನದ ಪ್ರಶ್ನೆಯಿಲ್ಲ, ಜೀವದ ಪ್ರಶ್ನೆ. ಪೇಸ್ ನೋಟ್ಸ್ ಅನ್ನು ಇಬ್ಬರಿಗೂ ಗೊತ್ತಿರುವ ಭಾಷೆಯಲ್ಲಿ ಓದದಿದ್ದರೆ ಕಾರು ಕಂದಕಕ್ಕೆ ಬೀಳುತ್ತದೆ ಎಂದು ಆ ಕ್ರೀಡೆಗೇ ಗೊತ್ತಿದೆ. ಕಾರಿನೊಳಗೆ ಒಪ್ಪುವ ಮಾತನ್ನು ಕಾರಿನ ಹೊರಗೂ ಒಪ್ಪಬೇಕಲ್ಲವೇ?

ಮುಂದೆ ನಮ್ಮ ಭಾಗದಲ್ಲಿ ಯಾರಾದರೂ ರ‍್ಯಾಲಿ ನಡೆಸಲು ಬಂದರೆ ಪಂಚಾಯತ್ ಸದಸ್ಯರು ಕೇಳಬೇಕಾದ ಪ್ರಶ್ನೆಗಳು ಇಷ್ಟು. ಸರ್ಕಾರದ ಲಿಖಿತ ಅನುಮತಿ ಮತ್ತು ಮೋಟಾರು ಕ್ರೀಡಾ ಒಕ್ಕೂಟದ ಮಾನ್ಯತೆ ಇದೆಯೇ? ಯಾವ ರಸ್ತೆ, ಯಾವ ಗಂಟೆಯಿಂದ ಯಾವ ಗಂಟೆಗೆ ಮುಚ್ಚುತ್ತೀರಿ? ಆ ಹೊತ್ತಿನಲ್ಲಿ ಹೆರಿಗೆ ನೋವೋ ಎದೆನೋವೋ ಬಂದರೆ ಆಂಬುಲೆನ್ಸು ಹೇಗೆ ಹೋಗಬೇಕು? ಪ್ರತಿ ಕವಲು ದಾರಿಯಲ್ಲಿ, ಪ್ರತಿ ತೋಟದ ಗೇಟಿನಲ್ಲಿ ಊರಿನ ಭಾಷೆ ಬಲ್ಲವರು ನಿಲ್ಲುತ್ತಾರೆಯೇ? ಮನೆಮನೆಗೆ ಎರಡೂ ಭಾಷೆಯಲ್ಲಿ ಚೀಟಿ ಕೊಟ್ಟು, ಹಿಂದಿನ ದಿನ ಮೈಕಿನಲ್ಲಿ ಹೇಳಿಸುತ್ತೀರಾ? ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಮಾಡಿಸಿದ್ದೀರಾ? ಹಾಳಾದ ರಸ್ತೆಯನ್ನು ಯಾರು ಸರಿಮಾಡುತ್ತಾರೆ? ಉತ್ತರ ಕೊಡಲಾಗದವರಿಗೆ ರಸ್ತೆ ಬಿಟ್ಟುಕೊಡಬೇಕಾಗಿಲ್ಲ. ಉತ್ತರ ಕೊಡುವವರನ್ನು ಸುಮ್ಮನೆ ವಿರೋಧಿಸಬೇಕಾಗಿಯೂ ಇಲ್ಲ.

ಪ್ರೇಕ್ಷಕರ ಪಾಲೂ ಇದೆ. ತಿರುವಿನ ಹೊರಬದಿಯಲ್ಲಿ ನಿಲ್ಲಬಾರದು. ಮೇಲೆ ದರೆಯಿದ್ದರೆ ಅದರ ಮೇಲೆ ನಿಂತು ನೋಡಬೇಕು. ಒಂದು ಕಾರು ಹೋಯಿತೆಂದು ರಸ್ತೆಗೆ ಇಳಿಯಬಾರದು, ಮುಂದಿನದು ನಿಮಿಷದೊಳಗೆ ಬರುತ್ತದೆ. ಮೊಬೈಲಿನ ಪರದೆಯಲ್ಲಿ ದೂರ ಕಂಡ ಕಾರು ನಿಜವಾಗಿ ಹತ್ತಿರವೇ ಇರುತ್ತದೆ.

ಆಸಕ್ತರು ಎಲ್ಲಿಂದ ಶುರುಮಾಡಬೇಕು?

ನಿಜವಾದ ಆಸಕ್ತಿ ಇದ್ದವರಿಗೆ ದಾರಿಯಿದೆ. ಮೊದಲ ಮೆಟ್ಟಿಲು 'ಟಿಎಸ್‌ಡಿ' ರ‍್ಯಾಲಿ. ಸಮಯ, ವೇಗ, ದೂರದ ಲೆಕ್ಕದ ಆಟ. ಕಾನೂನಿನ ಮಿತಿಯೊಳಗಿನ ಸರಾಸರಿ ವೇಗವನ್ನು ಸಂಘಟಕರೇ ಕೊಡುತ್ತಾರೆ, ಅದನ್ನು ತಪ್ಪದೆ ಕಾಯ್ದುಕೊಂಡವನು ಗೆಲ್ಲುತ್ತಾನೆ. ಮನೆಯ ಕಾರು ಸಾಕು, ಏನನ್ನೂ ಬದಲಿಸಬೇಕಾಗಿಲ್ಲ. ದಾರಿಯ ಪುಸ್ತಕ ಓದುವುದು, ಸೆಕೆಂಡು ಎಣಿಸುವುದು, ಒಬ್ಬರ ಮಾತು ಇನ್ನೊಬ್ಬರು ಕೇಳುವುದು, ಎಲ್ಲವನ್ನೂ ಇಲ್ಲಿ ಕಲಿಯಬಹುದು. ಎರಡನೆಯದು ಬಯಲಿನಲ್ಲಿ ನಡೆಯುವ ಆಟೋಕ್ರಾಸ್. ಮೂರನೆಯದು ರ‍್ಯಾಲಿಗಳಿಗೆ ಹೋಗಿ ಸ್ವಯಂಸೇವಕರಾಗಿ ದುಡಿಯುವುದು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000, ಚೆನ್ನೈಯ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಸೌತ್ ಇಂಡಿಯಾ ರ‍್ಯಾಲಿಯಂಥ ಹಳೆಯ ಸ್ಪರ್ಧೆಗಳು ನಿಂತಿರುವುದೇ ಅಂಥವರ ಬಲದಿಂದ. ಅಷ್ಟಾದ ಮೇಲೆ ಒಕ್ಕೂಟದ ಸ್ಪರ್ಧಾ ಲೈಸನ್ಸು, ಆಮೇಲೆ ಸ್ಟೇಜ್ ರ‍್ಯಾಲಿ.

ನಮ್ಮ ಹುಡುಗರಿಗೆ ಕೈಚಳಕ ಕಡಿಮೆಯಿಲ್ಲ. ಮಳೆಗಾಲದಲ್ಲಿ ಗುಡ್ಡೆಯ ಕೆಸರು ದಾರಿಯಲ್ಲಿ ಜೀಪು ಇಳಿಸುವವರು, ಎರಡು ಮೂರು ಭಾಷೆ ನೀರು ಕುಡಿದಂತೆ ಆಡುವವರು ನಮ್ಮಲ್ಲಿದ್ದಾರೆ. ಕೊರತೆಯಿರುವುದು ದಾರಿ ತೋರುವವರದ್ದು. ಊರಿನ ಕ್ಲಬ್ಬುಗಳು ವರ್ಷಕ್ಕೊಂದು ಸಲ ಟಿಎಸ್‌ಡಿ ಸ್ಪರ್ಧೆಯನ್ನು, ಪೊಲೀಸರ ಮತ್ತು ಮೋಟಾರು ವಾಹನ ಇಲಾಖೆಯ ಒಪ್ಪಿಗೆ ಪಡೆದು, ಎರಡೂ ಭಾಷೆಯಲ್ಲಿ ದಾರಿಪುಸ್ತಕ ಅಚ್ಚು ಹಾಕಿಸಿ ನಡೆಸಿದರೆ ಹೆದ್ದಾರಿಯಲ್ಲಿ ವ್ಯರ್ಥವಾಗುವ ಉತ್ಸಾಹಕ್ಕೆ ಒಂದು ಲೆಕ್ಕ ಸಿಕ್ಕೀತು. ಮೊಗ್ರಾಲಿನಿಂದ ಒಬ್ಬರು ರಾಷ್ಟ್ರಮಟ್ಟಕ್ಕೆ ಏರಿ ತೋರಿಸಿದ್ದಾರೆ. ಎರಡನೆಯವರನ್ನು ತಯಾರು ಮಾಡುವ ಕೆಲಸ ಈಗ ಊರಿನದ್ದು.